ಅಮೆರಿಕದ ರಾಜಕೀಯಕ್ಕೆ ನೀವು ಕೇಳುವ ಪ್ರಗತಿಪರ ಪಾಡ್‌ಕಾಸ್ಟ್ ಯಾವುದು? ಒಂದೇ ಹೆಸರು ಹೇಳಿ

ಹೊಸಗಾಳಿ:
ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಬಂದು ಕೆಲವು ವರ್ಷಗಳಾದವು. ಇಲ್ಲಿನ ರಾಜಕೀಯ ಈಗ ಮನೆಯೊಳಗೇ ಬಂದು ಕೂತಿದೆ. ವೀಸಾ ಚಿಂತೆ, ಆಸ್ಪತ್ರೆಯ ಬಿಲ್ಲು, ಶಾಲೆಯ ಲೈಬ್ರರಿಯಲ್ಲಿ ಯಾವ ಪುಸ್ತಕ ಇರಬೇಕು ಅನ್ನುವ ಜಗಳ, ಎಲ್ಲದರ ಬೇರೂ ಅಲ್ಲೇ. ಟೀವಿ ಹಾಕಿದರೆ ನಾಲ್ಕಾರು ಜನ ಒಟ್ಟಿಗೆ ಕೂಗುತ್ತಾರೆ, ಏನೂ ತಲೆಗೆ ಹೋಗುವುದಿಲ್ಲ. ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುವಾಗ ಕೇಳಲು ಒಳ್ಳೆಯ ಪಾಡ್‌ಕಾಸ್ಟ್ ಹುಡುಕುತ್ತಿದ್ದೇನೆ.

ನನ್ನ ಒಲವು ಪ್ರಗತಿಪರರ ಕಡೆಗೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ದಿನಾ ಟ್ರಂಪ್ ಏನು ಹೇಳಿದರು ಅಂತ ಬೈದು ಮುಗಿಸುವ ಕಾರ್ಯಕ್ರಮ ಬೇಡ. ಕೇಳಿದ ಮೇಲೆ ಏನಾದರೂ ಹೊಸದು ಗೊತ್ತಾಗಬೇಕು. ಕಾನೂನು ಹೇಗೆ ಆಗುತ್ತದೆ, ದುಡ್ಡು ಎಲ್ಲಿಂದ ಬರುತ್ತದೆ, ಕೋರ್ಟು ಯಾಕೆ ಹಾಗೆ ತೀರ್ಪು ಕೊಟ್ಟಿತು, ಇಂಥದ್ದು. ದೊಡ್ಡ ಪಟ್ಟಿ ಕೊಡಬೇಡಿ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನೀವು ಯಾವುದು ಇಟ್ಟುಕೊಳ್ಳುತ್ತೀರಿ? ಯಾಕೆ?

ರಾತ್ರಿಪಾಳಿ:
ಪಾಡ್ ಸೇವ್ ಅಮೆರಿಕಾ. ಬೇರೆ ಯೋಚನೆಯೇ ಬೇಡ. ಒಬಾಮಾ ಅವರಿಗೆ ಭಾಷಣ ಬರೆದುಕೊಡುತ್ತಿದ್ದ ನಾಲ್ವರು ನಡೆಸುವುದು. ವೈಟ್ ಹೌಸ್ ಒಳಗೆ ಕೆಲಸ ಮಾಡಿದವರು. ಒಂದು ತೀರ್ಮಾನ ಹೊರಗೆ ಬರುವ ಮೊದಲು ಒಳಗೆ ಏನೇನು ನಡೆಯುತ್ತದೆ ಅಂತ ಅವರಿಗೆ ಗೊತ್ತು. ನಗಿಸುತ್ತಾರೆ ಕೂಡ.

ನೇರಮಾತು:
@ರಾತ್ರಿಪಾಳಿ ನಾಲ್ವರೂ ಭಾಷಣ ಬರೆದವರಲ್ಲ. ಜಾನ್ ಫಾವ್ರೋ ಮತ್ತು ಜಾನ್ ಲವೆಟ್ ಬರೆಯುತ್ತಿದ್ದರು. ಟಾಮಿ ವೀಟರ್ ರಾಷ್ಟ್ರೀಯ ಭದ್ರತಾ ಮಂಡಳಿಯ ವಕ್ತಾರರಾಗಿದ್ದರು. ಡ್ಯಾನ್ ಫೈಫರ್ ಸುದ್ದಿ-ಸಂವಹನ ನೋಡಿಕೊಳ್ಳುತ್ತಿದ್ದರು, ಆಮೇಲೆ ಹಿರಿಯ ಸಲಹೆಗಾರರಾದರು.

ಇದನ್ನು ಯಾಕೆ ಹೇಳಿದೆ ಅಂದರೆ, ನಾಲ್ವರ ಕಸುಬೂ ಮಾತು. ಯಾವ ವಿಷಯ ಎತ್ತಿಕೊಂಡರೂ ಕೊನೆಗೆ "ಡೆಮಾಕ್ರಟರು ಇದನ್ನು ಜನರಿಗೆ ಹೇಗೆ ಹೇಳಬೇಕು" ಅನ್ನುವಲ್ಲಿಗೇ ಬಂದು ನಿಲ್ಲುತ್ತಾರೆ. ಆ ನೀತಿ ಸರಿಯೋ ತಪ್ಪೋ ಅನ್ನುವುದು ಹಿಂದೆ ಉಳಿಯುತ್ತದೆ. ಹೊಸಗಾಳಿಯವರು ಕೇಳಿದ್ದು ಅದನ್ನಲ್ಲ.

ರಾತ್ರಿಪಾಳಿ:
ಕಸುಬು ಮಾತೇ ಇರಲಿ. 2024ರ ಜೂನ್ 27ರ ಬೈಡನ್-ಟ್ರಂಪ್ ಮುಖಾಮುಖಿ ನೆನಪಿದೆಯಾ? ಬೈಡನ್ ಎಡವಿದರು ಅಂತ ಇವರು ತಕ್ಷಣ ಬಾಯಿಬಿಟ್ಟು ಹೇಳಿದರು. ಬೈಡನ್ ಪ್ರಚಾರ ತಂಡ ಬೆಂಬಲಿಗರಿಗೆ ಕಳಿಸಿದ ಈಮೇಲ್‌ನಲ್ಲಿ ಪಾಡ್‌ಕಾಸ್ಟ್ ಮಾಡುವವರ ಮೇಲೇ ಹರಿಹಾಯ್ದಿತು. ತಮ್ಮ ಪಕ್ಷದವರಿಗೇ ಸಿಟ್ಟು ಬರಿಸುವ ಮಾತು ಹೇಳಲು ಧೈರ್ಯ ಬೇಕು. ಮತ್ತೆ, ಇವರು ಸುಮ್ನೆ ಮಾತಾಡಿ ಎದ್ದು ಹೋಗುವುದಿಲ್ಲ. ವೋಟ್ ಸೇವ್ ಅಮೆರಿಕಾ ಅಂತ ಸ್ವಯಂಸೇವಕರನ್ನು ಕಟ್ಟಿದ್ದಾರೆ. ಬಾಗಿಲು ತಟ್ಟಿ ಮತ ಕೇಳುವ ಕೆಲಸಕ್ಕೆ ನನ್ನನ್ನು ಎಳೆದುಕೊಂಡು ಹೋಗಿದ್ದು ಇದೇ ಕಾರ್ಯಕ್ರಮ.

ಚುಕ್ಕಿ:
ಅದೇ ವರ್ಷ ನವೆಂಬರ್‌ನಲ್ಲಿ, ಸೋತ ಮೇಲೆ, ಡೆಮಾಕ್ರಟ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಪ್ರಚಾರದ ಮುಖ್ಯಸ್ಥರನ್ನು ಕೂರಿಸಿಕೊಂಡು ಮಾತಾಡಿದ ಕಂತು ಕೇಳಿ. ಗಟ್ಟಿಯಾಗಿ ಕೇಳಬೇಕಿದ್ದ ಪ್ರಶ್ನೆಗಳನ್ನೆಲ್ಲ ಮೆತ್ತಗೆ ಕೇಳಿದರು. ಹಳೆಯ ಸಹೋದ್ಯೋಗಿಗಳ ಮುಖ ನೋಡಿಕೊಂಡು ಗಟ್ಟಿ ಪ್ರಶ್ನೆ ಕೇಳುವುದು ಕಷ್ಟ.

ಹಳೇ_ರೇಡಿಯೊ:
ಡೆಮಾಕ್ರಸಿ ನೌ. ಒಂದೇ ಅಂದರೆ ಅದೇ.

1996ರಲ್ಲಿ ಪೆಸಿಫಿಕಾ ರೇಡಿಯೊದಲ್ಲಿ ಶುರುವಾಯಿತು. ಆ ವರ್ಷದ ಅಧ್ಯಕ್ಷ ಚುನಾವಣೆಗೆ ಅಂತ ಹುಟ್ಟಿದ ಕಾರ್ಯಕ್ರಮ ಇವತ್ತಿಗೂ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಒಂದು ಗಂಟೆ ಬರುತ್ತದೆ. ನಡೆಸಿಕೊಡುವ ಏಮಿ ಗುಡ್‌ಮನ್ ಮೊದಲಿಂದಲೂ ಇದ್ದಾರೆ. ಜಾಹೀರಾತಿಲ್ಲ. ಕಂಪನಿಗಳ ದುಡ್ಡು, ಸರ್ಕಾರದ ದುಡ್ಡು ಮುಟ್ಟುವುದಿಲ್ಲ. ಕೇಳುಗರು ಕೊಡುವುದರಿಂದ, ಫೌಂಡೇಶನ್‌ಗಳ ನೆರವಿನಿಂದ ನಡೆಯುತ್ತದೆ.

ಆದರೆ ನಾನು ಮೆಚ್ಚುವುದು ಅವರು ಸ್ಥಳಕ್ಕೆ ಹೋಗುತ್ತಾರೆ ಅನ್ನುವುದಕ್ಕೆ. 2016ರ ಸೆಪ್ಟೆಂಬರ್‌ನಲ್ಲಿ ನಾರ್ತ್ ಡಕೋಟಾದ ಸ್ಟ್ಯಾಂಡಿಂಗ್ ರಾಕ್ ಹತ್ತಿರ ಎಣ್ಣೆ ಪೈಪ್‌ಲೈನ್ ವಿರುದ್ಧ ಮೂಲನಿವಾಸಿಗಳ ಹೋರಾಟ ನಡೆದಿತ್ತು. ಕಂಪನಿ ಕಡೆಯ ಕಾವಲುಗಾರರು ಜನರ ಮೇಲೆ ನಾಯಿ ಬಿಟ್ಟಿದ್ದನ್ನು ಚಿತ್ರಿಸಿದ್ದು ಗುಡ್‌ಮನ್ ತಂಡ. ಅದಕ್ಕೆ ಅವರ ಮೇಲೇ ವಾರಂಟ್ ಹೊರಟಿತು. ಅವರು ತಪ್ಪಿಸಿಕೊಳ್ಳಲಿಲ್ಲ. ವಾಪಸ್ ಅದೇ ರಾಜ್ಯಕ್ಕೆ ಹೋಗಿ ಕೋರ್ಟಿಗೆ ಹಾಜರಾಗಲು ನಿಂತರು. ಗಲಭೆಯ ಆರೋಪ ಹೊರಿಸಲು ನ್ಯಾಯಾಧೀಶರು ಒಪ್ಪಲಿಲ್ಲ. ಸ್ಟುಡಿಯೋದಲ್ಲಿ ಮೈಕ್ ಮುಂದೆ ಕೂತು ಅಭಿಪ್ರಾಯ ಹೇಳುವವರಿಗೂ ಇವರಿಗೂ ಇರುವ ಅಂತರ ಇದು.

ಚುಕ್ಕಿ:
ಗೌರವ ಇದೆ. ಆದರೆ ಬೆಳಿಗ್ಗೆ ಎದ್ದು ಡೆಮಾಕ್ರಸಿ ನೌ ಕೇಳಿದರೆ ದಿನವಿಡೀ ಮನಸ್ಸು ಭಾರ. ಯುದ್ಧ, ಬರ, ಜೈಲು, ಗಡಿಪಾರು. ಕೇಳಿದವರು ಕೈಚೆಲ್ಲಿ ಕೂತುಬಿಟ್ಟರೆ ಏನು ಪ್ರಯೋಜನ?

ಹಳೇ_ರೇಡಿಯೊ:
ಮೊದಲಲ್ಲಿ ಬರುವ ಮುಖ್ಯಾಂಶಗಳನ್ನಷ್ಟೇ ಕೇಳಿ. ಉಳಿದದ್ದರಲ್ಲಿ ನಿಮಗೆ ಬೇಕಾದ ಸಂದರ್ಶನ ಮಾತ್ರ ಆರಿಸಿಕೊಳ್ಳಿ. ಅವರ ವೆಬ್‌ಸೈಟ್‌ನಲ್ಲಿ ಆಡಿದ ಮಾತೆಲ್ಲ ಬರಹದಲ್ಲೂ ಸಿಗುತ್ತದೆ. ಇಂಗ್ಲಿಷ್ ಉಚ್ಚಾರ ಹಿಡಿಯಲು ಕಷ್ಟ ಪಡುವ ಹಿರಿಯರಿಗೆ ಅದು ದೊಡ್ಡ ಅನುಕೂಲ. ನಮ್ಮ ಅತ್ತೆ ಹಾಗೇ ಓದುತ್ತಾರೆ.

ಕೋರ್ಟುಕಚೇರಿ:
ಕೋರ್ಟು ಯಾಕೆ ಹಾಗೆ ಹೇಳಿತು ಅಂತ ತಿಳಿಯಬೇಕು ಅಂದಿರಿ. ಹಾಗಿದ್ದರೆ ಸ್ಟ್ರಿಕ್ಟ್ ಸ್ಕ್ರೂಟಿನಿ. ಮೂವರು ಕಾನೂನು ಪ್ರಾಧ್ಯಾಪಕಿಯರು: ಲಿಯಾ ಲಿಟ್‌ಮನ್, ಮೆಲಿಸ್ಸಾ ಮರ್ರಿ, ಕೇಟ್ ಶಾ. 2019ರಲ್ಲಿ ಶುರುವಾಯಿತು. ಸುಪ್ರೀಂ ಕೋರ್ಟಿನ ವರ್ಷ ಅಕ್ಟೋಬರ್ ಮೊದಲ ಸೋಮವಾರ ಶುರುವಾಗಿ ಜೂನ್ ಕೊನೆಯ ಹೊತ್ತಿಗೆ ದೊಡ್ಡ ತೀರ್ಪುಗಳು ಹೊರಬರುತ್ತವೆ. ಇಡೀ ವರ್ಷ ಇವರ ಜೊತೆ ನಡೆದರೆ ಜೂನ್‌ನಲ್ಲಿ ಬರುವ ತೀರ್ಪು ಆಕಾಶದಿಂದ ಬಿದ್ದಂತೆ ಅನ್ನಿಸುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಇದು ನಮ್ಮಂಥ ಮನೆಗಳಿಗೆ ನೇರ ತಟ್ಟಿದ ವಿಷಯ. 2025ರ ಜನವರಿ 20ರಂದು ಟ್ರಂಪ್ ಒಂದು ಆದೇಶ ಹೊರಡಿಸಿದರು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ನಾಗರಿಕನೋ ಗ್ರೀನ್ ಕಾರ್ಡ್ ಇರುವವನೋ ಅಲ್ಲದಿದ್ದರೆ, ಇಲ್ಲಿ ಹುಟ್ಟಿದ ಮಗುವಿಗೂ ಪೌರತ್ವ ಇಲ್ಲ ಅಂತ. ಎಚ್-1ಬಿ ಮನೆಗಳೆಲ್ಲ ಅದರೊಳಗೆ ಬರುತ್ತವೆ. ಇಲ್ಲಿ ಹುಟ್ಟಿದವರು ಇಲ್ಲಿನ ನಾಗರಿಕರು ಅನ್ನುವ ಸಂವಿಧಾನದ 14ನೇ ತಿದ್ದುಪಡಿ 1868ರಿಂದ ಇದೆ. 1898ರ ವಾಂಗ್ ಕಿಮ್ ಆರ್ಕ್ ಪ್ರಕರಣದಲ್ಲಿ, ಚೀನಾದ ತಂದೆತಾಯಿಗೆ ಇಲ್ಲಿ ಹುಟ್ಟಿದವನು ಇಲ್ಲಿನ ನಾಗರಿಕ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು. ಹಾಗಾಗಿ ಕೆಳಗಿನ ಕೋರ್ಟುಗಳು ಆದೇಶವನ್ನು ತಡೆದವು.

ಆಮೇಲೆ 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ತೀರ್ಪು ಕೊಟ್ಟಿತು. ಟೀವಿಯಲ್ಲಿ "ಟ್ರಂಪ್‌ಗೆ ಜಯ" ಅಂತ ಬಂತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬಸುರಿ ಹೆಣ್ಣುಮಕ್ಕಳು ಗಾಬರಿಯಾಗಿ ಯಾವ ರಾಜ್ಯದಲ್ಲಿ ಹೆರಿಗೆ ಆದರೆ ಸರಿ ಅಂತ ಕೇಳತೊಡಗಿದರು. ಆದೇಶ ಸರಿಯೋ ತಪ್ಪೋ ಅಂತ ಕೋರ್ಟು ಆ ದಿನ ಹೇಳಿಯೇ ಇರಲಿಲ್ಲ. ಒಬ್ಬ ಜಿಲ್ಲಾ ನ್ಯಾಯಾಧೀಶ ಇಡೀ ದೇಶಕ್ಕೆ ಅನ್ವಯವಾಗುವ ತಡೆ ಕೊಡಬಹುದೇ ಅನ್ನುವುದಷ್ಟೇ ಅಲ್ಲಿದ್ದ ಪ್ರಶ್ನೆ. ಎಲ್ಲ ಮಕ್ಕಳ ಪರವಾಗಿ ಒಂದೇ ದಾವೆ ಹೂಡುವ ದಾರಿ ತೆರೆದೇ ಇತ್ತು. ಜುಲೈ 10ಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರು ಅದೇ ದಾರಿಯಲ್ಲಿ ಮತ್ತೆ ತಡೆ ಕೊಟ್ಟರು. ಇಂಥ ವ್ಯತ್ಯಾಸ ಬಿಡಿಸಿ ಹೇಳುವವರು ಬೇಕು. ಬೈಯುವವರು ಎಲ್ಲಿ ಬೇಕಾದರೂ ಸಿಗುತ್ತಾರೆ.

ಹೊಸಗಾಳಿ:
@ಕೋರ್ಟುಕಚೇರಿ ತುಂಬಾ ಧನ್ಯವಾದ. ನನಗೆ ಬೇಕಿದ್ದದ್ದು ಇದೇ. ಕಾನೂನು ಓದದವರಿಗೆ ಅರ್ಥ ಆಗುತ್ತದಾ?

ಕೋರ್ಟುಕಚೇರಿ:
ಮೊದಲ ಕೆಲವು ಕಂತು ಸ್ವಲ್ಪ ಕಷ್ಟ. ವೇಗವಾಗಿ ಮಾತಾಡುತ್ತಾರೆ, ಹಳೆಯ ಪ್ರಕರಣಗಳ ಹೆಸರು ಹಾಗೇ ಹೇಳಿ ಮುಂದೆ ಹೋಗುತ್ತಾರೆ. ಆಮೇಲೆ ಹಿಡಿತ ಸಿಗುತ್ತದೆ.

ಅರೆಘಳಿಗೆ:
ಹೊಸಬರಿಗೆ ಫೈವ್-ಫೋರ್ ಇದಕ್ಕಿಂತ ಸುಲಭ. ಒಂದು ಕಂತಿಗೆ ಒಂದೇ ಪ್ರಕರಣ. ಹಿನ್ನೆಲೆ, ತೀರ್ಪು, ಅದರಿಂದ ಯಾರಿಗೆ ಪೆಟ್ಟು ಬಿತ್ತು, ಇಷ್ಟೇ. 2013ರ ಶೆಲ್ಬಿ ಕೌಂಟಿ ಪ್ರಕರಣ ತೆಗೆದುಕೊಳ್ಳಿ. 1965ರ ಮತದಾನ ಹಕ್ಕು ಕಾಯ್ದೆಯ ಪ್ರಕಾರ, ಕರಿಯರ ಮತ ತಡೆದ ಚರಿತ್ರೆ ಇರುವ ರಾಜ್ಯಗಳು ಚುನಾವಣಾ ನಿಯಮ ಬದಲಿಸಲು ಕೇಂದ್ರದ ಒಪ್ಪಿಗೆ ಮೊದಲೇ ಪಡೆಯಬೇಕಿತ್ತು. ಯಾವ ರಾಜ್ಯ ಅಂತ ಗುರುತಿಸುವ ಸೂತ್ರವನ್ನು ಕೋರ್ಟು 5-4ರಲ್ಲಿ ರದ್ದು ಮಾಡಿತು. ಅದೇ ದಿನ ಟೆಕ್ಸಾಸ್ ತನ್ನ ಗುರುತಿನ ಚೀಟಿ ಕಾನೂನು ಜಾರಿಗೆ ಬರುತ್ತದೆ ಅಂತ ಘೋಷಿಸಿತು. ತೀರ್ಪು ಮತ್ತು ಅದರ ಫಲ ಎರಡೂ ಒಂದೇ ದಿನ. ಇದನ್ನು ತಿಳಿದವರು ಮುಂದೆ ಯಾವ ಚುನಾವಣಾ ಸುದ್ದಿಯನ್ನೂ ಮೊದಲಿನಂತೆ ಕೇಳುವುದಿಲ್ಲ.

ಬೈಗುಳ ಜಾಸ್ತಿ. ಮಕ್ಕಳು ಕಾರಿನಲ್ಲಿದ್ದರೆ ಹಾಕಬೇಡಿ.

ಲೆಕ್ಕಿಗ:
ನನಗೊಂದು ಅರ್ಥ ಆಗುವುದಿಲ್ಲ. ಇಲ್ಲಿ ಅರ್ಧಕ್ಕರ್ಧ ಜನಕ್ಕೆ ಮತವೇ ಇಲ್ಲ. ವೀಸಾದಲ್ಲಿದ್ದೇವೆ. ಬೇರೆಯವರ ಮನೆ ಜಗಳಕ್ಕೆ ನಾವು ಯಾಕೆ ಕಿವಿ ಕೊಡಬೇಕು? ಕೆಲಸ ಮಾಡಿ, ದುಡ್ಡು ಕೂಡಿಡಿ, ಸುಮ್ಮನಿರಿ.

ಕಾಡುಮಲ್ಲಿಗೆ:
@ಲೆಕ್ಕಿಗ ಬೇರೆಯವರ ಮನೆ ಜಗಳ ಅಲ್ಲ ಸರ್. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅವರಿಗೆ ಪೌರತ್ವ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರಿಂದ ಅದನ್ನು ಕಿತ್ತುಕೊಂಡರು. 1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂದ ಮೇಲೆ ಆ ಬಾಗಿಲು ತೆರೆಯಿತು. ಆಗಲೂ ವರ್ಷಕ್ಕೆ ಬರೀ 100 ಭಾರತೀಯರಿಗೆ ಅವಕಾಶ. ಹುಟ್ಟಿದ ದೇಶ ನೋಡಿ ತಡೆಯುವ ಆ ಹಳೆಯ ಪದ್ಧತಿ ಹೋಗಿದ್ದು 1965ರ ವಲಸೆ ಕಾಯ್ದೆಯಿಂದ. ಮತದಾನ ಹಕ್ಕು ಕಾಯ್ದೆ ಬಂದದ್ದೂ ಅದೇ ವರ್ಷ. ಕರಿಯರ ಹೋರಾಟ ಎಬ್ಬಿಸಿದ ಅಲೆ ಇಲ್ಲದೆ ಆ ವಲಸೆ ಕಾಯ್ದೆ ಆಗುತ್ತಿರಲಿಲ್ಲ. ನಾವೆಲ್ಲ ಇಲ್ಲಿ ಬಂದಿಳಿದದ್ದು ಅವರು ಪೆಟ್ಟು ತಿಂದು ತೆರೆದ ದಾರಿಯಲ್ಲಿ. ಮತ ಇಲ್ಲದಿರಬಹುದು, ಕಿವಿಯಾದರೂ ಕೊಡಬೇಕು.

ನೇರಮಾತು:
+1. ಗ್ರೀನ್ ಕಾರ್ಡ್ ಸಾಲಿನಲ್ಲಿ ಒಂದು ದೇಶಕ್ಕೆ ಶೇ. 7 ಮಿತಿ ಇಟ್ಟಿರುವುದೂ ಕಾಂಗ್ರೆಸ್ಸೇ, ಅಂದರೆ ಇಲ್ಲಿನ ಸಂಸತ್ತೇ. ಅದನ್ನು ಬದಲಿಸಬೇಕಾದವರೂ ಅವರೇ.

ಲೆಕ್ಕಿಗ:
ಸರಿ, ಕೇಳೋಣ. ಆದರೆ ಇಲ್ಲಿ ಹೇಳಿದ್ದೆಲ್ಲ ಒಂದೇ ಕಡೆಯದು. ಬರೀ ನಮ್ಮವರ ಮಾತನ್ನೇ ಕೇಳುತ್ತಾ ಹೋದರೆ ಎದುರು ಕಡೆಯವರು ಯಾಕೆ ಗೆಲ್ಲುತ್ತಾರೆ ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಅದಕ್ಕೆ ಏನು ಹೇಳುತ್ತೀರಿ?

ಓದುಗ_ಮಾತ್ರ:
@ಲೆಕ್ಕಿಗ ನಿಮಗಾಗಿಯೇ ಇದೆ: ನೋ ಯುವರ್ ಎನಿಮಿ. ಮ್ಯಾಥ್ಯೂ ಸಿಟ್‌ಮನ್ ಮತ್ತು ಸ್ಯಾಮ್ ಆಡ್ಲರ್-ಬೆಲ್ ನಡೆಸುತ್ತಾರೆ. 2019ರಿಂದ ಬರುತ್ತಿದೆ. ಇಬ್ಬರೂ ಎಡಪಂಥದವರು, ಆದರೆ ಅಧ್ಯಯನ ಮಾಡುವುದು ಪೂರ್ತಿ ಬಲಪಂಥವನ್ನು. ಸಿಟ್‌ಮನ್ ಮೊದಲು ಸ್ವತಃ ಕನ್ಸರ್ವೇಟಿವ್ ಆಗಿದ್ದವರು. ಹಾಗಾಗಿ ಆ ಕಡೆಯ ಜನರನ್ನು ದಡ್ಡರು ಅಂತ ತಳ್ಳಿಹಾಕುವುದಿಲ್ಲ. ವಿಲಿಯಂ ಬಕ್ಲಿ 1955ರಲ್ಲಿ ನ್ಯಾಷನಲ್ ರಿವ್ಯೂ ಎಂಬ ಬಲಪಂಥದ ಪತ್ರಿಕೆ ಶುರು ಮಾಡಿದ್ದು, 1964ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಗೋಲ್ಡ್‌ವಾಟರ್ ಹೀನಾಯವಾಗಿ ಸೋತರೂ ಅವರ ಬೆಂಬಲಿಗರು ಬಿಡದೆ ಸಂಘಟನೆ ಕಟ್ಟಿ 1980ರಲ್ಲಿ ರೇಗನ್‌ರನ್ನು ಗೆಲ್ಲಿಸಿದ್ದು, ಇಂಥ ಉದ್ದದ ಕಥೆಗಳು ಅಲ್ಲಿ ಸಿಗುತ್ತವೆ. ಒಂದೊಂದು ಕಂತೂ ಒಂದು ಒಳ್ಳೆಯ ಪುಸ್ತಕ ಓದಿದಷ್ಟು ತೂಕ. ನನ್ನ ಒಂದೇ ಆಯ್ಕೆ ಇದು.

ಚುಕ್ಕಿ:
ಕಂತುಗಳು ತೀರಾ ಉದ್ದ.

ಓದುಗ_ಮಾತ್ರ:
ವಿಷಯವೂ ಉದ್ದ ಇದೆಯಲ್ಲ ಮೇಡಂ. ಒಂದು ಚಳವಳಿಯ ಎಪ್ಪತ್ತು ವರ್ಷವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದರೆ ಉಳಿಯುವುದೇನು?

ಅರೆಘಳಿಗೆ:
1.5 ವೇಗದಲ್ಲಿ ಕೇಳಿ. ಎಲ್ಲವೂ ಬೇಗ ಮುಗಿಯುತ್ತದೆ.

ಹಳೇ_ರೇಡಿಯೊ:
ದಯವಿಟ್ಟು ಬೇಡ. ಮಾತಿನ ನಡುವೆ ಬಿಡುವ ಉಸಿರಿಗೂ ಅರ್ಥ ಇರುತ್ತದೆ. ಸಂದರ್ಶನದಲ್ಲಿ ಒಬ್ಬರು ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ತಡೆದರು ಅನ್ನುವುದೇ ಕೆಲವು ಸಲ ಉತ್ತರ.

ಅರೆಘಳಿಗೆ:
ಎರಡು ಗಂಟೆಯ ಕಂತಿಗೆ ಅಷ್ಟು ಹೊತ್ತು ಎಲ್ಲಿಂದ ತರುವುದು ಸರ್? ಕತೆ ಹೇಳುವ ಕಾರ್ಯಕ್ರಮಕ್ಕೆ ಮಾಮೂಲಿ ವೇಗ, ಹರಟೆಗೆ 1.5. ಅಷ್ಟಕ್ಕಾದರೂ ಒಪ್ಪಿ.

ನರ್ಸಮ್ಮ:
ಎಲ್ಲರೂ ಪ್ರಾಧ್ಯಾಪಕರು, ವೈಟ್ ಹೌಸಿನವರು, ಪತ್ರಕರ್ತರು ಅಂತ ಹೇಳುತ್ತಿದ್ದೀರಿ. ದುಡಿಯುವವರು ಮಾತಾಡುವ ಪಾಡ್‌ಕಾಸ್ಟ್ ಯಾರೂ ಹೇಳಲಿಲ್ಲ. ವರ್ಕಿಂಗ್ ಪೀಪಲ್ ಕೇಳಿ. ಮ್ಯಾಕ್ಸಿಮಿಲಿಯನ್ ಆಲ್ವಾರೆಜ್ ನಡೆಸುತ್ತಾರೆ. ಗೋದಾಮಿನವರು, ಶಿಕ್ಷಕರು, ನನ್ನಂಥ ನರ್ಸುಗಳು ಬಂದು ತಮ್ಮ ಕೆಲಸದ ಬಗ್ಗೆ ತಾವೇ ಹೇಳುತ್ತಾರೆ. ಆತ ಮಧ್ಯೆ ಬಾಯಿ ಹಾಕುವುದು ಕಡಿಮೆ.

2022ರಲ್ಲಿ ರೈಲ್ವೆ ನೌಕರರ ಜಗಳ ನನಗೆ ಅರ್ಥ ಆಗಿದ್ದು ಅಲ್ಲೇ. ಟೀವಿಯಲ್ಲಿ ಹೇಳಿದ್ದೆಲ್ಲ "ರೈಲು ನಿಂತರೆ ಹಬ್ಬಕ್ಕೆ ಸಾಮಾನು ಬರುವುದಿಲ್ಲ" ಅಂತ. ನೌಕರರು ಹೇಳಿದ್ದು: ಜ್ವರ ಬಂದರೆ ಸಂಬಳದ ರಜೆ ಇಲ್ಲ, ಡಾಕ್ಟರ ಹತ್ತಿರ ಹೋಗಲು ರಜೆ ಹಾಕಿದರೆ ಶಿಕ್ಷೆ, ಒಂದು ರೈಲಿಗೆ ಇರಬೇಕಾದ ಜನ ಕಡಿಮೆ ಮಾಡಿ ರೈಲಿನ ಉದ್ದ ಮಾತ್ರ ಹೆಚ್ಚಿಸಿದ್ದಾರೆ. ಏಳು ದಿನದ ಸಂಬಳ ಸಹಿತ ಕಾಯಿಲೆ ರಜೆ ಕೊಡುವ ಪ್ರಸ್ತಾಪ ಸೆನೆಟ್‌ನಲ್ಲಿ 52-43 ಬಂದರೂ ಬಿದ್ದುಹೋಯಿತು, 60 ಬೇಕಿತ್ತು. ಮುಷ್ಕರ ತಡೆಯುವ ಮಸೂದೆ ಮಾತ್ರ ಪಾಸಾಯಿತು. ಬೈಡನ್ ಸಹಿ ಹಾಕಿದರು. ಎರಡು ತಿಂಗಳ ಮೇಲೆ, 2023ರ ಫೆಬ್ರವರಿ 3ರಂದು, ಒಹಾಯೋದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ವಿಷದ ರಾಸಾಯನಿಕ ತುಂಬಿದ ರೈಲು ಹಳಿ ತಪ್ಪಿತು. ಬೇರೆಯವರು ಕ್ಯಾಮೆರಾ ಎತ್ತಿಕೊಂಡು ಹೊರಟ ಮೇಲೂ ಆಲ್ವಾರೆಜ್ ಆ ಊರಿನವರ ಜೊತೆ ಮಾತಾಡುತ್ತಲೇ ಇದ್ದರು.

ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲೂ ಒಬ್ಬೊಬ್ಬ ನರ್ಸಿಗೆ ಬರುವ ರೋಗಿಗಳ ಸಂಖ್ಯೆ ಹೀಗೇ ಏರುತ್ತಿತ್ತು. ಅದಕ್ಕೇ ಈ ಕಾರ್ಯಕ್ರಮ ನನಗೆ ಅಷ್ಟು ಹತ್ತಿರ.

ರಾತ್ರಿಪಾಳಿ:
@ನರ್ಸಮ್ಮ ಇದನ್ನು ಖಂಡಿತ ಕೇಳುತ್ತೇನೆ. ಬೈಡನ್ ಪರ ಬಾಗಿಲು ತಟ್ಟಿದ ನನಗೆ ಆ ಸಹಿ ಇಂದಿಗೂ ಚುಚ್ಚುತ್ತದೆ.

ಲೆಕ್ಕಿಗ:
ಕೂಲಿ, ಸಂಬಳದ ಮಾತು ಬಂತಲ್ಲ, ಅದಕ್ಕೆ ಪಿಚ್‌ಫೋರ್ಕ್ ಇಕನಾಮಿಕ್ಸ್ ಇದೆ. ನಾನೂ ಅದನ್ನು ಆಗಾಗ ಕೇಳುತ್ತೇನೆ. ನಿಕ್ ಹಾನೌರ್ ಅಂತ ಸಿಯಾಟಲ್‌ನ ಉದ್ಯಮಿ. ಅಮೆಜಾನ್‌ನಲ್ಲಿ ಬಹಳ ಮೊದಲೇ ಹಣ ಹಾಕಿದವರು. ಸಿಯಾಟಲ್‌ನಲ್ಲಿ 2014ರಲ್ಲಿ 15 ಡಾಲರ್ ಕನಿಷ್ಠ ವೇತನದ ಕಾನೂನು ಆದಾಗ ಅದರ ಪರ ನಿಂತರು. ಕೆಲಸಗಾರನ ಕೈಗೆ ದುಡ್ಡು ಬಂದರೆ ಅವನೇ ಗಿರಾಕಿ, ಅಂಗಡಿ ನಡೆಯುವುದು ಅವನಿಂದ ಅಂತ ಅವರ ವಾದ. ಲೆಕ್ಕ ಹಾಕಿ ನೋಡಿದರೆ ಸುಳ್ಳು ಅನ್ನಿಸುವುದಿಲ್ಲ. ಇಡೀ ದೇಶದ ಕನಿಷ್ಠ ವೇತನ 2009ರಲ್ಲಿ ಗಂಟೆಗೆ 7.25 ಡಾಲರ್ ಆದದ್ದು ಅಲ್ಲೇ ನಿಂತಿದೆ.

ನೇರಮಾತು:
ಕೋಟ್ಯಧಿಪತಿಯ ಬಾಯಲ್ಲಿ ಕೂಲಿಕಾರರ ಕಥೆ. ನನಗೆ ಒಗ್ಗುವುದಿಲ್ಲ. ಸಿಯಾಟಲ್‌ನ 15 ಡಾಲರ್ ಗೆದ್ದದ್ದು ಬೀದಿಗಿಳಿದ ಫಾಸ್ಟ್‌ಫುಡ್ ನೌಕರರಿಂದ, ಯೂನಿಯನ್‌ಗಳಿಂದ.

ಲೆಕ್ಕಿಗ:
ಅವರಿಂದಲೇ ಗೆದ್ದದ್ದು, ಒಪ್ಪಿದೆ. ಆದರೆ ಉದ್ಯಮಿಗಳ ಸಭೆಯಲ್ಲಿ ನಿಂತು "ನೀವು ಹೇಳುವ ಲೆಕ್ಕ ತಪ್ಪು" ಅನ್ನಲು ಅವರಲ್ಲೇ ಒಬ್ಬ ಬೇಕು. ನನ್ನಂಥವನಿಗೆ ಕೂಲಿಯ ಪ್ರಶ್ನೆ ಮೊದಲು ತಟ್ಟಿದ್ದು ಈತನಿಂದ. ಘೋಷಣೆ ಕೂಗುವವರಿಂದ ಆಗಿರಲಿಲ್ಲ.

ಕಾಡುಮಲ್ಲಿಗೆ:
ದುಡ್ಡಿನ ಮಾತು ಬಂದದ್ದಕ್ಕೆ ಕೇಳುತ್ತೇನೆ. ಜಾಹೀರಾತಿನಿಂದ ನಡೆಯುವ ಪ್ರಗತಿಪರ ಕಾರ್ಯಕ್ರಮವನ್ನು ಎಷ್ಟು ನಂಬಬಹುದು? ಹವಾಮಾನ ಬಿಸಿಯಾಗುತ್ತಿದೆ ಅಂತ ಹೇಳಿ ಮರುಕ್ಷಣ ಅದೇ ದನಿಯಲ್ಲಿ ಹಾಸಿಗೆ ಮಾರುತ್ತಾರೆ. ನನಗೆ ಮುಜುಗರ ಆಗುತ್ತದೆ.

ರಾತ್ರಿಪಾಳಿ:
ಹಾಸಿಗೆ ಕಂಪನಿ ಸುಪ್ರೀಂ ಕೋರ್ಟಿನ ಬಗ್ಗೆ ಏನು ಹೇಳಬೇಕು ಅಂತ ಹೇಳಿಕೊಡುವುದಿಲ್ಲ. ಸಂಬಳ ಕೊಟ್ಟು ಸಂಶೋಧಕರನ್ನು ಇಟ್ಟುಕೊಳ್ಳಲು ದುಡ್ಡು ಬೇಕಲ್ವಾ? ಕೇಳುಗರೇ ತಿಂಗಳಿಗೆ ಇಷ್ಟು ಅಂತ ಕೊಡುವ ಪೇಟ್ರಿಯಾನ್ ಪದ್ಧತಿಯಲ್ಲಿ ಬೇರೆ ತೊಂದರೆ ಇದೆ. ದುಡ್ಡು ಕೊಡುವ ಅಭಿಮಾನಿಗೆ ಬೇಸರ ಆಗುವ ಮಾತು ಹೇಳಲು ಅವರೂ ಹಿಂದೆಮುಂದೆ ನೋಡುತ್ತಾರೆ.

ಹಳೇ_ರೇಡಿಯೊ:
ದುಡ್ಡಿಲ್ಲದೆ ಏನಾಗುತ್ತದೆ ಅನ್ನುವುದಕ್ಕೆ ಏರ್ ಅಮೆರಿಕಾ ರೇಡಿಯೊ ನೋಡಿ. 1987ರಲ್ಲಿ ಸರ್ಕಾರ ಫೇರ್‌ನೆಸ್ ಡಾಕ್ಟ್ರಿನ್ ಕೈಬಿಟ್ಟಿತು. ಅಂದರೆ ವಿವಾದದ ವಿಷಯದಲ್ಲಿ ಎರಡೂ ಕಡೆಗೆ ಜಾಗ ಕೊಡಬೇಕು ಅನ್ನುವ ನಿಯಮ ಹೋಯಿತು. ಮರುವರ್ಷವೇ ಬಲಪಂಥದ ರೇಡಿಯೊ ಮಾತುಗಾರ ರಶ್ ಲಿಂಬಾ ದೇಶದ ತುಂಬ ಕೇಳಿಸತೊಡಗಿದರು. ಅದಕ್ಕೆ ಉತ್ತರ ಅಂತ 2004ರ ಮಾರ್ಚ್ 31ರಂದು ಏರ್ ಅಮೆರಿಕಾ ಬಂತು. ಅಲ್ ಫ್ರಾಂಕನ್, ರೇಚಲ್ ಮ್ಯಾಡೋ, ಮಾರ್ಕ್ ಮಾರನ್ ಎಲ್ಲ ಅಲ್ಲಿದ್ದರು. 2010ರ ಜನವರಿಯಲ್ಲಿ ಮುಚ್ಚಿತು, ಕಾರಣ ದುಡ್ಡು.

ಆದರೆ ಅಲ್ಲಿಂದ ಬಂದದ್ದು ಸಣ್ಣದಲ್ಲ. ಫ್ರಾಂಕನ್ ಮಿನ್ನೆಸೋಟಾದಿಂದ 312 ಮತಗಳ ಅಂತರದಲ್ಲಿ ಸೆನೆಟ್‌ಗೆ ಹೋದರು. ಸ್ಯಾಮ್ ಸೀಡರ್ ತಮ್ಮ ಮೆಜಾರಿಟಿ ರಿಪೋರ್ಟ್ ಅನ್ನು ಪಾಡ್‌ಕಾಸ್ಟ್ ಮಾಡಿಕೊಂಡು ಇವತ್ತಿಗೂ ನಡೆಸುತ್ತಿದ್ದಾರೆ. ಅವರಿಗೆ ಫೋನ್ ಮಾಡಿ ವಾದಕ್ಕೆ ನಿಲ್ಲುವವರನ್ನು ಅವರು ತಾಳ್ಮೆಯಿಂದ ಒಂದೊಂದೇ ಪ್ರಶ್ನೆ ಕೇಳಿ ಮೂಲೆಗೆ ತರುವುದು ನಿಜಕ್ಕೂ ಕಲಿಯಬೇಕಾದ ಕಲೆ.

ಅರೆಘಳಿಗೆ:
ಹಾಗಾದರೆ ಪ್ರಗತಿಪರರಿಗೆ ಜೋ ರೋಗನ್‌ನಂಥ ಜನಪ್ರಿಯ ಪಾಡ್‌ಕಾಸ್ಟರ್ ಒಬ್ಬ ಯಾಕೆ ಇಲ್ಲ? 2024ರ ಅಕ್ಟೋಬರ್‌ನಲ್ಲಿ ಟ್ರಂಪ್ ಅವರ ಜೊತೆ ಸುಮಾರು ಮೂರು ಗಂಟೆ ಕೂತರು. ಹ್ಯಾರಿಸ್ ಹೋಗಲಿಲ್ಲ.

ನೇರಮಾತು:
ಇಲ್ಲದೇ ಏನು? ಆ ರೋಗನ್ನೇ 2020ರ ಜನವರಿಯಲ್ಲಿ ಬಹುಶಃ ಎಡಪಂಥದ ಸೆನೆಟರ್ ಬರ್ನಿ ಸ್ಯಾಂಡರ್ಸ್‌ಗೆ ಮತ ಹಾಕುತ್ತೇನೆ ಅಂದಿದ್ದರು. ಬರ್ನಿ 2019ರಲ್ಲಿ ಆ ಕಾರ್ಯಕ್ರಮಕ್ಕೆ ಹೋಗಿ ಮಾತಾಡಿ ಬಂದಿದ್ದರು. ಆಗ ಡೆಮಾಕ್ರಟರಲ್ಲೇ ಎಷ್ಟೋ ಜನ ಬರ್ನಿಯನ್ನು ಬೈದರು. ಮನೆಗೆ ಬಂದವನನ್ನು ಬಾಗಿಲಲ್ಲೇ ತಡೆದು, ಅವನು ಪಕ್ಕದ ಮನೆಗೆ ಹೋದ ಅಂತ ಗೋಳಾಡಿದರೆ ಹೇಗೆ?

ಕಾಡುಮಲ್ಲಿಗೆ:
ಬೈದದ್ದಕ್ಕೂ ಕಾರಣ ಇತ್ತು. ಟ್ರಾನ್ಸ್ ಜನರ ಬಗ್ಗೆ ರೋಗನ್ ಆಡಿದ ಮಾತು ಸಣ್ಣದಲ್ಲ. ಅದನ್ನು ಮರೆತು ಅಪ್ಪಿಕೊಳ್ಳಿ ಅಂದರೆ ಆ ಜನಕ್ಕೆ ಏನು ಹೇಳುತ್ತೀರಿ?

ನೇರಮಾತು:
ಅಪ್ಪಿಕೊಳ್ಳಿ ಅನ್ನಲಿಲ್ಲ. ಹೋಗಿ ಎದುರು ಕೂತು ಮಾತಾಡಿ ಅಂದೆ.

ಕೋರ್ಟುಕಚೇರಿ:
ಇದು ಬೇರೆ ಚರ್ಚೆ, ಇಲ್ಲಿಗೇ ಬಿಡೋಣ. ಪಾಡ್‌ಕಾಸ್ಟ್ ಅಂದರೆ ಮಾತು ಮಾತ್ರವಲ್ಲ ಅಂತ ಇನ್ನೊಂದು ಹೇಳಲೇಬೇಕು. ಇನ್ ದ ಡಾರ್ಕ್, ಎರಡನೇ ಸೀಸನ್, 2018. ಮಿಸಿಸಿಪ್ಪಿಯ ವಿನೋನಾ ಊರಿನ ಕರ್ಟಿಸ್ ಫ್ಲವರ್ಸ್ ಎಂಬ ಕರಿಯ ವ್ಯಕ್ತಿಯನ್ನು 1996ರ ನಾಲ್ಕು ಕೊಲೆಗಳಿಗೆ ಒಬ್ಬನೇ ಸರ್ಕಾರಿ ವಕೀಲ ಆರು ಸಲ ವಿಚಾರಣೆಗೆ ನಿಲ್ಲಿಸಿದ. ಮ್ಯಾಡಲೀನ್ ಬ್ಯಾರನ್ ತಂಡ ಆ ಊರಿಗೇ ಹೋಗಿ ಉಳಿದು ಹಳೆಯ ಕಡತಗಳನ್ನೆಲ್ಲ ಕೆದಕಿತು. ಆ ವಕೀಲನ ಕಚೇರಿ ಕರಿಯರನ್ನು ಜ್ಯೂರಿಯಿಂದ ತೆಗೆದುಹಾಕಿದ್ದು ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಅಂತ ಲೆಕ್ಕ ಸಹಿತ ತೋರಿಸಿತು. ಮುಖ್ಯ ಸಾಕ್ಷಿಯೊಬ್ಬ ತಾನು ಹೇಳಿದ್ದು ಸುಳ್ಳು ಅಂತ ಅವರ ಮುಂದೆಯೇ ಒಪ್ಪಿಕೊಂಡ. 2019ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಶಿಕ್ಷೆ ರದ್ದು ಮಾಡಿತು. ತೀರ್ಪು ಬರೆದದ್ದು ಟ್ರಂಪ್ ನೇಮಿಸಿದ ಕ್ಯಾವನಾ. 2020ರ ಸೆಪ್ಟೆಂಬರ್‌ನಲ್ಲಿ ಆರೋಪವನ್ನೇ ಕೈಬಿಟ್ಟರು.

ಚುಕ್ಕಿ:
ಅದು ಅಪರಾಧ ಕಥೆ. ಪ್ರಗತಿಪರ ರಾಜಕೀಯ ಪಾಡ್‌ಕಾಸ್ಟ್ ಅಂತ ಅವರೇ ಕರೆದುಕೊಳ್ಳುವುದಿಲ್ಲ.

ಕೋರ್ಟುಕಚೇರಿ:
ಕರೆದುಕೊಳ್ಳದಿದ್ದರೆ ಏನಂತೆ? ಆ ಸರ್ಕಾರಿ ವಕೀಲ ಚುನಾವಣೆಯಲ್ಲಿ ಗೆದ್ದು ಬಂದವನು. ಯಾರು ಜ್ಯೂರಿಯಲ್ಲಿ ಕೂರಬೇಕು, ಯಾರು ಗಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ದೊಡ್ಡ ರಾಜಕೀಯ ಯಾವುದು? ನಿರಪರಾಧಿಯೊಬ್ಬ ಮನೆಗೆ ಬರಲು ನೆರವಾದದ್ದಕ್ಕಿಂತ ಹೆಚ್ಚು ಪ್ರಗತಿಪರ ಕೆಲಸವನ್ನು ಯಾವ ಪಾಡ್‌ಕಾಸ್ಟ್ ಮಾಡಿದೆ ಹೇಳಿ.

ನರ್ಸಮ್ಮ:
ಇದಕ್ಕೆ ನನ್ನ ಮತ. ಕೆಲಸ ಮುಗಿಸಿ ಮನೆಗೆ ಬಂದು ಕಾರಿನಿಂದ ಇಳಿಯದೆ ಕೂತು ಕೇಳಿದ್ದೇನೆ.

ಓದುಗ_ಮಾತ್ರ:
ಚರಿತ್ರೆ ಇಷ್ಟಪಡುವವರಿಗೆ ರೇಚಲ್ ಮ್ಯಾಡೋ ಅವರ ಅಲ್ಟ್ರಾ ಕೂಡ ಇದೆ, 2022ರದ್ದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಕೆಲವು ಸಂಸದರು ತಮಗಿದ್ದ ಉಚಿತ ಅಂಚೆ ಸೌಲಭ್ಯದಲ್ಲಿ ನಾಜಿ ಏಜೆಂಟ್ ಒಬ್ಬನ ಪ್ರಚಾರದ ಸಾಮಗ್ರಿ ದೇಶದ ತುಂಬ ಹಂಚಲು ಬಿಟ್ಟ ಕಥೆ. 1944ರ ದೇಶದ್ರೋಹ ವಿಚಾರಣೆ ನಡುವೆಯೇ ನ್ಯಾಯಾಧೀಶರು ತೀರಿಕೊಂಡು ಎಲ್ಲ ನಿಂತುಹೋಗುತ್ತದೆ. ಹೀಗೆ ಹಿಂದೆಂದೂ ಆಗಿರಲಿಲ್ಲ ಅಂತ ಈಗಿನ ಸುದ್ದಿ ನೋಡಿ ಅಂದುಕೊಳ್ಳುವವರು ಕೇಳಬೇಕು.

ಚುಕ್ಕಿ:
ಒಂದೇ ಹೆಸರು ಅಂತ ಶುರುವಾಗಿ ಎಲ್ಲಿಗೆ ಬಂದೆವು! ನನ್ನದು ಬೆಸ್ಟ್ ಆಫ್ ದ ಲೆಫ್ಟ್. 2006ರಿಂದ ಇದೆ. ಒಂದು ವಿಷಯ ತೆಗೆದುಕೊಂಡು, ಅದರ ಬಗ್ಗೆ ಬೇರೆಬೇರೆ ಕಾರ್ಯಕ್ರಮಗಳಲ್ಲಿ ಬಂದ ಒಳ್ಳೆಯ ತುಣುಕುಗಳನ್ನು ಜೋಡಿಸಿ ಕೊಡುತ್ತಾರೆ. ಎಲ್ಲವನ್ನೂ ಕೇಳಲು ಹೊತ್ತಿಲ್ಲದ ನನ್ನಂಥವರಿಗೆ ಸರಿಹೊಂದುತ್ತದೆ. ಯಾರ ದನಿ ಹಿಡಿಸಿತೋ ಅವರ ಪೂರ್ತಿ ಕಾರ್ಯಕ್ರಮಕ್ಕೆ ಆಮೇಲೆ ಹೋಗಬಹುದು.

ಹೊಸಗಾಳಿ:
ಎಲ್ಲರಿಗೂ ಮನಸಾರೆ ಧನ್ಯವಾದ. ಕೂತು ಯೋಚಿಸಿದೆ. ನನ್ನ ಒಂದು ಹೆಸರು ಸ್ಟ್ರಿಕ್ಟ್ ಸ್ಕ್ರೂಟಿನಿ. ನಮ್ಮ ಮನೆಯಲ್ಲಿ ಎರಡನೇ ಮಗು ಬರಲಿದೆ, ವೀಸಾದಲ್ಲೇ ಇದ್ದೇವೆ. ಪೌರತ್ವದ ವಿಷಯವನ್ನು ಪೂರ್ತಿ ತಿಳಿದುಕೊಳ್ಳದೆ ನನಗೆ ನಿದ್ದೆ ಬರುವುದಿಲ್ಲ. ಮೊದಲು ಕಷ್ಟ ಆದರೆ ಫೈವ್-ಫೋರ್‌ನ ಹಳೆಯ ಕಂತುಗಳಿಂದ ಶುರು ಮಾಡುತ್ತೇನೆ. ಬೆಳಿಗ್ಗೆ ಡೆಮಾಕ್ರಸಿ ನೌ ಮುಖ್ಯಾಂಶ ಮಾತ್ರ. ಇನ್ ದ ಡಾರ್ಕ್ ಅನ್ನು ಹೆಂಡತಿ ಈಗಾಗಲೇ ಶುರು ಮಾಡಿದ್ದಾರೆ.

ಕೋರ್ಟುಕಚೇರಿ:
ಶುಭವಾಗಲಿ! ಒಂದು ಮಾತು. ಪಾಡ್‌ಕಾಸ್ಟ್ ಕೇಳಿ ತಿಳಿದುಕೊಳ್ಳಿ, ಆದರೆ ನಿಮ್ಮ ಸ್ವಂತ ಕಾಗದಪತ್ರದ ವಿಷಯಕ್ಕೆ ವಲಸೆ ವಕೀಲರನ್ನೇ ಕೇಳಿ. ಮಗುವಿನ ಜನನ ಪ್ರಮಾಣಪತ್ರ ಬಂದ ಕೂಡಲೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ.

ನರ್ಸಮ್ಮ:
ಅಭಿನಂದನೆಗಳು ಹೊಸಗಾಳಿಯವರೇ. ನಿಮ್ಮವರಿಗೆ ತಿಂಗಳು ತುಂಬುತ್ತಿದ್ದರೆ ಇನ್ ದ ಡಾರ್ಕ್ ರಾತ್ರಿ ಹೊತ್ತು ಬೇಡ, ಹಗಲು ಕೇಳಲಿ.

ಲೆಕ್ಕಿಗ:
@ಓದುಗ_ಮಾತ್ರ ನೋ ಯುವರ್ ಎನಿಮಿಯಲ್ಲಿ ಬಕ್ಲಿ ಬಗ್ಗೆ ಇರುವ ಒಂದು ಕಂತು ಅರ್ಧ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಆದರೂ ಒಪ್ಪದ ಜಾಗ ಎರಡು ಮೂರಿವೆ. ಪೂರ್ತಿ ಮುಗಿಸಿ ಬಂದು ಬರೆಯುತ್ತೇನೆ, ವಾದಕ್ಕೆ ಸಿದ್ಧವಾಗಿರಿ.

ಓದುಗ_ಮಾತ್ರ:
ಬನ್ನಿ ಬನ್ನಿ. ಯಾವ ಕಂತು ಅಂತ ಹೆಸರು ಹಾಕಿ, ನಾನೂ ಮತ್ತೆ ಕೇಳಿಕೊಂಡು ಬರುತ್ತೇನೆ.